ಕನ್ನಡಕ್ಕೆ ಬಾರದ ಪುಟ

ಹೋದ ತಿಂಗಳು ಒಂದು ಭಾನುವಾರ ನಾನು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ನಡುಮನೆಯಲ್ಲಿ ಮಗಳು ಗೋಡೆಗೊರಗಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಅವಳಿಗೆ ಹತ್ತು ವರ್ಷ, ಮಾರನೆಯ ದಿನ ಶಾಲೆಯಲ್ಲಿ ಡ್ಯಾನ್ಸು. ಆ ವಾಸನೆ ಬಾಗಿಲು ದಾಟಿ ನನ್ನ ಮೂಗಿಗೆ ಬಂದದ್ದೇ ತಡ, ಎದ್ದುಹೋಗಿ ಅವಳ ಕೈಯಿಂದ ಶೀಶೆ ಕಿತ್ತುಕೊಂಡು ಹಿತ್ತಲಿಗೆ ಎಸೆದುಬಂದೆ. ಮಗು ಕಣ್ಣು ಕಣ್ಣು ಬಿಟ್ಟಳು. ಆರು ಉಗುರು ಕೆಂಪು, ನಾಲ್ಕು ಉಗುರು ಹಾಗೇ. ಅಳುವ ಮೊದಲು ಒಂದು ಮಾತು ಕೇಳಿದಳು: "ವಾಸನೆ ಏನಮ್ಮ ಕೆಟ್ಟದಾಗಿತ್ತು? ಬಾಳೆಹಣ್ಣಿನ ಥರಾನೇ ಇತ್ತಲ್ಲ."

ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ದಿನಕ್ಕೆ ನಲವತ್ತು ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಅವತ್ತು ಅಡುಗೆಮನೆಗೆ ವಾಪಸು ಹೋಗಿ ಅವರೆಕಾಯಿ ಸುಲಿದೆ.

ಬಾಳೆಹಣ್ಣು ಎಂದರೆ ನಂಜನಗೂಡಿನ ಕಡೆಯವರಿಗೆ ರಸಬಾಳೆ, ಮಿಕ್ಕಿದ್ದೆಲ್ಲ ಹೊಟ್ಟೆಗೆ ಹಾಕಿಕೊಳ್ಳುವ ಸಾಮಾನು. ಈಗ ಗಿಡಕ್ಕೆ ರೋಗ ಬಂದು ತೋಟಗಳು ಹೋಗಿವೆ. ಬಸ್‌ಸ್ಟ್ಯಾಂಡಿನಲ್ಲಿ ಆ ಹೆಸರು ಹೇಳಿ ಬೇರೆ ಹಣ್ಣು ಕೊಡುತ್ತಾರೆ, ನಾವೂ ಗೊತ್ತಿದ್ದೇ ತರುತ್ತೇವೆ. ನಾನು ಚಿಕ್ಕವಳಿದ್ದಾಗ ನಿಜವಾದ ಹಣ್ಣನ್ನು ಅಪ್ಪ ವರ್ಷಕ್ಕೊಂದು ಸಲ ತರುತ್ತಿದ್ದ. ತಲೆಗೊಂದು ಹಣ್ಣು. ತಿಂದಾದ ಮೇಲೆ ಸಿಪ್ಪೆಯನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದವಳು ನಾನು. ಇರುವೆ ಬಂದು ಅವ್ವನಿಂದ ಏಟು ತಿಂದದ್ದೂ ಉಂಟು. ಅಂಥ ವಾಸನೆ ಬಂದರೆ ಈಗ ಎದ್ದುಹೋಗಿ ಕಿಟಕಿ ತೆರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಸಣ್ಣ ಕಾರ್ಖಾನೆ ಇತ್ತು. ಹೆಸರು ಬೇಡ, ಈಗ ಅದಿಲ್ಲ. ಗೋಡೆ ಗಡಿಯಾರಕ್ಕೆ, ಕ್ಯಾಲ್ಕುಲೇಟರಿಗೆ ಹಾಕುವ ಎಲೆಕ್ಟ್ರಾನಿಕ್ ಚಿಪ್‌ಗಳನ್ನು, ನಮ್ಮ ಬಾಯಲ್ಲಿ ಚಿಪ್ಪುಗಳನ್ನು, ಅಲ್ಲಿ ಮಾಡುತ್ತಿದ್ದರು. ಹೊರದೇಶದಲ್ಲಿ ಹಳತಾಯಿತೆಂದು ಬಿಟ್ಟ ಯಂತ್ರಗಳು ನಮಗೆ ಹೊಸದಾಗಿ ಬಂದಿದ್ದವು. ನಾನು ತಾಂಡವಪುರದ ಹತ್ತಿರದ ಹಳ್ಳಿಯವಳು. ಅಪ್ಪ ಅವ್ವ ಇಬ್ಬರೂ ಗದ್ದೆ ಕೂಲಿ. ರೈಲಿನಲ್ಲಿ ದಿನಾ ಮೈಸೂರಿಗೆ ಹೋಗಿ, ನಿಂತುಕೊಂಡೇ ಓದಿ, ಬಿ.ಎಸ್ಸಿ. ಮಾಡಿದೆ. ನಮ್ಮ ಕೇರಿಗೇ ಮೊದಲ ಡಿಗ್ರಿ, ಅದೂ ಫಸ್ಟ್ ಕ್ಲಾಸು. ಇದನ್ನು ಹೇಳದೆ ಮುಂದಕ್ಕೆ ಹೋಗುವುದು ನನ್ನಿಂದಾಗದು, ಕ್ಷಮಿಸಿ.

ಕೆಲಸ ಸಿಕ್ಕಿದ್ದು ಕ್ಲೀನ್ ರೂಮಿನಲ್ಲಿ. ಒಳಗೆ ಹೋಗುವ ಮುಂಚೆ ಹೂವು, ಬಳೆ, ಪೌಡರು, ಕುಂಕುಮ ಎಲ್ಲ ಬಿಚ್ಚಿ ಒರೆಸಿ, ತಲೆಯಿಂದ ಪಾದದವರೆಗೆ ಬಿಳಿ ಗೌನು ತೊಟ್ಟು, ಮುಸುಕು ಹಾಕಿ, ಕೈಗೆ ಗ್ಲೌಸು ಏರಿಸಿ, ಜೋರು ಗಾಳಿಯ ಗೂಡಿನಲ್ಲಿ ನಿಂತು ಧೂಳು ಕೊಡವಿಸಿಕೊಂಡು ಹೋಗಬೇಕು. ಕಣ್ಣು ಮಾತ್ರ ಕಾಣುತ್ತದೆ. ಹಣೆಯ ಮೇಲಿನ ಒಂದು ಚೂರು ವಿಭೂತಿ ಉದುರಿದರೆ ಎಷ್ಟು ಚಿಪ್ಪು ಹಾಳಾಗುತ್ತದೆಂದು ನನಗೆ ಹೇಳಿಕೊಟ್ಟರು, ನಾನು ಮನೆಗೆ ಬಂದು ಅವ್ವನಿಗೆ ಹೇಳಿಕೊಟ್ಟೆ. ಅವ್ವ ಎಲ್ಲ ಕೇಳಿಸಿಕೊಂಡು, "ಊವು ಬ್ಯಾಡ, ಈಬೂತಿ ಬ್ಯಾಡ, ಅದ್ಯಾವ ದೇವ್ರ ಕೂರ್ಸವ್ರವ್ವ ಒಳ್ಗೆ?" ಎಂದಳು. ಎಷ್ಟೋ ಗುಡಿಯ ಹೊರಗೇ ನಿಂತು ಕೈಮುಗಿದು ಬಂದವಳು ಅವಳು. ತನ್ನ ಮಗಳು ಇಷ್ಟು ಮಡಿಯ ಜಾಗಕ್ಕೆ ಹೋಗಿಬರುತ್ತಾಳೆಂದು ಊರಿಗೆಲ್ಲ ಹೇಳಿಕೊಂಡಳು. ನನಗೂ ಹಾಗೇ ಅನ್ನಿಸಿತ್ತು. ಆ ಬಟ್ಟೆಯೆಲ್ಲ ನಮ್ಮ ಕೊಳೆ ಚಿಪ್ಪಿಗೆ ತಾಗದಿರಲೆಂದು ಇದ್ದದ್ದು. ಚಿಪ್ಪಿನ ಮೇಲೆ ಸುರಿಯುವುದು ನಮಗೆ ತಾಗದಿರಲೆಂದು ಯಾರೂ ಏನೂ ಹೊಲಿಸಿರಲಿಲ್ಲ. ಇದು ಹೊಳೆಯಲು ನನಗೆ, ಫಸ್ಟ್ ಕ್ಲಾಸಿನವಳಿಗೆ, ವರ್ಷಗಳು ಬೇಕಾದವು.

ನನ್ನ ಜಾಗ ಹಳದಿ ಕೋಣೆ. ಅಲ್ಲಿನ ಕೆಲಸ ಕೇಳುವುದಕ್ಕೆ ಕಷ್ಟ, ನೋಡುವುದಕ್ಕೆ ಸುಲಭ. ಅಂಗೈಯಗಲದ ಸಿಲಿಕಾನ್ ಬಿಲ್ಲೆ, ಕನ್ನಡಿಯ ಹಾಗೆ ಹೊಳೆಯುತ್ತದೆ. ಅದನ್ನು ತಿರುಗುವ ಪೀಠದ ಮೇಲಿಟ್ಟು ನಡುವಿಗೆ ಒಂದಷ್ಟು ಅಂಟು ದ್ರಾವಣ ಸುರಿದರೆ, ಬಿಲ್ಲೆ ಗಿರ್ರನೆ ಸುತ್ತಿ, ಅಂಟು ಎಲ್ಲ ಕಡೆಗೂ ಒಂದೇ ಸಮನಾಗಿ ಹರಡಿ ತೆಳ್ಳನೆಯ ಪೊರೆಯಾಗುತ್ತದೆ. ಹದವಾಗಿ ಕಾಯಿಸಬೇಕು. ಆಮೇಲೆ ಅದರ ಮೇಲೆ ಗಾಜಿನ ಅಚ್ಚು. ತೂತಿನ ತಗಡಿಟ್ಟು ರಂಗೋಲಿ ಉದುರಿಸುತ್ತಾರಲ್ಲ, ಅದೇ ಲೆಕ್ಕ. ಇಲ್ಲಿ ಉದುರುವುದು ಪುಡಿಯಲ್ಲ, ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಬೆಳಕು ಬಿದ್ದ ಕಡೆಯ ಅಂಟು ತೊಳೆದರೆ ಹೋಗುತ್ತದೆ, ನೆರಳಿನಲ್ಲಿದ್ದದ್ದು ಉಳಿಯುತ್ತದೆ. ಉಳಿದದ್ದರ ನಡುವೆ ಆಸಿಡ್ಡು ಕೊರೆಯುತ್ತದೆ. ಹೀಗೆ ಏಳೆಂಟು ಸಲ, ಒಂದು ಚಿತ್ರದ ಮೇಲೆ ಇನ್ನೊಂದು, ಕೂದಲೆಳೆಯಷ್ಟೂ ಜರುಗದಂತೆ. ಮಾಮೂಲಿ ದೀಪದಲ್ಲಿ ಆ ಅಂಟು ಕೆಡುತ್ತದೆ, ಅದಕ್ಕೇ ಕೋಣೆಗೆಲ್ಲ ಹಳದಿ ಬೆಳಕು. ಅಲ್ಲಿ ಹಳದಿಗೂ ಬಿಳಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೊಬ್ಬಳ ಹುಬ್ಬಿನ ಬಳಿ ಎಷ್ಟು ಉಜ್ಜಿದರೂ ಹೋಗದ ಅರಿಶಿನ, ಹಳದಿ ಕೋಣೆಗೆ ಕಾಲಿಟ್ಟೊಡನೆ ಮಾಯವಾಗುತ್ತಿತ್ತು.

ಆ ಹುಡುಗಿ ಚಿಕ್ಕತಾಯಿ. ತಿ. ನರಸೀಪುರದವಳು, ಎಸ್ಸೆಸ್ಸೆಲ್ಸಿ ಪಾಸು. ಸುತ್ತೂರಿನ ಮೇಲೆ ಬರುವ ಕಾರ್ಖಾನೆಯ ವ್ಯಾನಿನಲ್ಲಿ ದಿನಾ ಬರುತ್ತಿದ್ದಳು. ಅಂಟು ಸುರಿಯುವುದರಲ್ಲಿ ಅವಳನ್ನು ಸರಿಗಟ್ಟುವವರಿರಲಿಲ್ಲ, ಒಂದು ತೊಟ್ಟು ಹೆಚ್ಚಿಲ್ಲ, ಕಮ್ಮಿಯಿಲ್ಲ. ಚೆಲ್ಲಿದ್ದನ್ನು ಥಿನ್ನರಿನಲ್ಲಿ ಒರೆಸುವುದೂ ಅವಳೇ. ಗ್ಲೌಸು ನೆನೆದು ಮೆತ್ತಗಾಗಿ ಬೆರಳಿಗಂಟುತ್ತಿತ್ತು. ಧೂಳು ಹಿಡಿಯುವ ಜಾಲರಿಗಳು ಆವಿಯನ್ನು ಹಿಡಿಯುವುದಿಲ್ಲ. ಅದೇ ಗಾಳಿ ಸುತ್ತಿ ಸುತ್ತಿ ನಮ್ಮ ಮೂಗಿಗೇ ಬರುತ್ತಿತ್ತು, ಮಾಗಿದ ಬಾಳೆಹಣ್ಣಿನ ವಾಸನೆ ಹೊತ್ತುಕೊಂಡು.

ಕೆಲಸದ ಕ್ರಮವೆಲ್ಲ ಇಂಗ್ಲಿಷಿನಲ್ಲಿತ್ತು, ಹನ್ನೊಂದು ಪುಟ. ಹುಡುಗಿಯರಿಗೆ ಇಂಗ್ಲಿಷು ಬಾರದು. ಕನ್ನಡದಲ್ಲಿ ಬರೆದುಕೊಡಿ ಎಂದು ಮ್ಯಾನೇಜರು ನನಗೆ ಹೇಳಿದರು. ಎಷ್ಟು ಹಿಗ್ಗಿದೆನೋ. ಅಪ್ಪನ ಹೆಬ್ಬೆಟ್ಟು ನೋಡುತ್ತ ಬೆಳೆದವಳು ಕಾರ್ಖಾನೆಯ ಪುಸ್ತಕ ಬರೆಯುವುದೆಂದರೆ! ಆ ದ್ರಾವಣಕ್ಕೆ "ಬೆಳಕಂಟು" ಎಂದು ಹೆಸರಿಟ್ಟೆ. ಯಾರೂ ಹಾಗೆ ಕರೆಯಲಿಲ್ಲ, ಎಲ್ಲರೂ ಅಂಟು ಅಂಟು ಎಂದೇ ಅಂದರು. ಮೂರನೇ ಪುಟದಲ್ಲಿ, ಮೂಲದಲ್ಲಿ ಇಲ್ಲದ ಒಂದು ಸಾಲನ್ನು ನಾನೇ ಸೇರಿಸಿದೆ: "ಇದರಿಂದ ರಸಬಾಳೆಯ ವಾಸನೆ ಬರುತ್ತದೆ, ಗಾಬರಿ ಬೇಡ." ಓದಿ ಎಲ್ಲರೂ ನಕ್ಕರು. ನಾನೂ ಬೀಗಿದೆ.

ಹನ್ನೊಂದನೇ ಪುಟ ಆ ಅಂಟಿನ ಎಚ್ಚರಿಕೆಯ ಪುಟ. ಒಂದೆರಡು ಪದಕ್ಕೆ ಡಿಕ್ಷನರಿ ನೋಡಿದೆ. ನೋಡಿ, ಪುಟ ಹಿಡಿದುಕೊಂಡು ಮ್ಯಾನೇಜರ ಹತ್ತಿರ ಹೋದೆ. ಅವರು ಕೆಟ್ಟ ಮನುಷ್ಯರಲ್ಲ, ಕೂರಲು ಹೇಳಿದರು. "ಇಂಥವನ್ನ ಸೀಮೆಎಣ್ಣೆ ಡಬ್ಬಕ್ಕೂ ಬರೆದಿರ್ತಾರಮ್ಮ. ಅವರಿಗೆ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಬರಿ. ನೀನೂ ಇನ್ನೂ ಪರ್ಮನೆಂಟ್ ಆಗಿಲ್ಲ, ಅಲ್ವಾ?" ಎಂದರು. ದನಿ ಏರಿಸಲಿಲ್ಲ. ನಾನು ಹತ್ತು ಪುಟ ಬರೆದುಕೊಟ್ಟೆ. ಲ್ಯಾಮಿನೇಷನ್ ಮಾಡಿಸಿ ಗೋಡೆಗೆ ಹಾಕಿದರು.

ಮರುವರ್ಷ ಚಿಕ್ಕತಾಯಿಗೆ ನಿಂತ ಬಸುರು ಮೂರು ತಿಂಗಳಲ್ಲಿ ಹೋಯಿತು. ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಳು, ಮೊದಲಿನ ಹಾಗೇ ಒಂದು ತೊಟ್ಟು ಹೆಚ್ಚುಕಮ್ಮಿಯಿಲ್ಲದೆ ಅಂಟು ಸುರಿದಳು. ವ್ಯಾನಿನ ಹಿಂದಿನ ಸೀಟಿನಲ್ಲಿ ಕುಲುಕಾಡಿದ್ದಕ್ಕೇ ಹೀಗಾಯಿತೆಂದು ಅವಳ ಅತ್ತೆ ತೀರ್ಮಾನ ಮಾಡಿದ್ದರಂತೆ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.

ಆಮೇಲೆ ನನಗೂ ಮದುವೆಯಾಯಿತು, ನನ್ನ ಸರದಿ ಬಂತು. ನನಗೆ ನಿಂತಿತೆಂದು ಗೊತ್ತಾದ ವಾರವೇ ಒಂದು ಅರ್ಜಿ ಬರೆದೆ, ಇಂಗ್ಲಿಷಿನಲ್ಲಿ, ತಪ್ಪಿಲ್ಲದ ಇಂಗ್ಲಿಷಿನಲ್ಲಿ. ಹಳದಿ ಬೆಳಕಿಗೆ ತಲೆನೋವು ಬರುತ್ತದೆ, ಟೆಸ್ಟಿಂಗ್ ವಿಭಾಗಕ್ಕೆ ಹಾಕಿಕೊಡಿ ಎಂದು. ಮ್ಯಾನೇಜರು ನನ್ನ ಮುಖವನ್ನೊಮ್ಮೆ ನೋಡಿ ಸಹಿ ಹಾಕಿದರು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ತಲೆನೋವಿನ ಬಗ್ಗೆಯೇ ಮಾತಾಡಿದೆವು. ನನ್ನ ಜಾಗಕ್ಕೆ ಚಿಕ್ಕತಾಯಿಯನ್ನು ಮೇಲಕ್ಕೇರಿಸಿದರು, ಸಂಬಳವೂ ಏರಿತು. ಅವಳು ಆ ಖುಷಿಗೆ, ನನ್ನ ಬಸುರಿ ಬಯಕೆಗೆ ಎಂದು, ಯಾರದೋ ತೋಟದಿಂದ ನಿಜವಾದ ರಸಬಾಳೆಯ ಒಂದು ಚಿಪ್ಪು ತಂದುಕೊಟ್ಟಳು. ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಒಂದು ಹಸುವಿನ ಮುಂದೆ ಹಾಕಿದೆ.

ನನಗೆ ಎಂಟು ತಿಂಗಳಾಗಿದ್ದಾಗ ಅವಳು ಟೆಸ್ಟಿಂಗ್ ವಿಭಾಗದ ಬಾಗಿಲಲ್ಲಿ ನಿಂತು ಸನ್ನೆ ಮಾಡಿ ಕರೆದಳು. ಅವಳಿಗೆ ಮತ್ತೆ ನಿಂತಿತ್ತು. "ಅಕ್ಕಾ, ಡ್ರೈವರಿಗೆ ಒಂದ್ ಮಾತು ಯೋಳಿ. ಮುಂದ್ಗಡೆ ಸೀಟು ಕೊಡ್ಸಿಕೊಡಿ. ಈ ಸಲ ಉಳೀಲಿ" ಎಂದಳು. ಆಗ ಹೇಳಬಹುದಿತ್ತು. ಬಾಗಿಲಲ್ಲಿ ನಾವಿಬ್ಬರೇ ಇದ್ದೆವು. ಹೇಳಿದರೆ ನಾನು ಬಚಾವಾಗಿ ಬಂದದ್ದನ್ನೂ ಹೇಳಬೇಕಾಗುತ್ತಿತ್ತು. ಡ್ರೈವರಿಗೆ ಹೇಳಿ ಮುಂದಿನ ಸೀಟು ಕೊಡಿಸಿದೆ. ಅವಳು ನನಗೆ ಕೈಮುಗಿದಳು.

ನಾನು ಬಾಣಂತಿತನಕ್ಕೆ ಅವ್ವನ ಮನೆಯಲ್ಲಿದ್ದಾಗ ಸುದ್ದಿ ಬಂತು. ಚಿಕ್ಕತಾಯಿಗೆ ಐದನೇ ತಿಂಗಳಲ್ಲಿ ಮತ್ತೆ ಹೋಯಿತಂತೆ, ಗಂಡು ಮಗು. ನೋಡಿಬರಲು ನಾನು ಹೋಗಲಿಲ್ಲ, ಎಳೇ ಮಗು ಇರುವ ನೆಪ ಇತ್ತು. ಮತ್ತೆ ಆ ಕಾರ್ಖಾನೆಗೂ ಹೋಗಲಿಲ್ಲ. ಬಿ.ಎಡ್. ಮಾಡಿ ಮೇಷ್ಟರ ಕೆಲಸ ಹಿಡಿದೆ. ಕೆಲವು ವರ್ಷಕ್ಕೆ ಕಾರ್ಖಾನೆ ಮುಚ್ಚಿತು. ಚಿಕ್ಕತಾಯಿಯ ಗಂಡನಿಗೆ ಇನ್ನೊಂದು ಮದುವೆ ಮಾಡಿದರೆಂದೂ, ಅವಳು ನರಸೀಪುರದಲ್ಲಿ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆಂದೂ ಕಿವಿಗೆ ಬಿತ್ತು.

ಆ ಅಂಟಿನಿಂದಲೇ ಹೀಗಾಯಿತೆಂದು ನಾನು ಹೇಳಲಾರೆ. ಯಾರ ಹೊಟ್ಟೆಯಲ್ಲಾದರೂ ಆಗಬಹುದಾದದ್ದು ಅದು. ಆದರೆ ನನ್ನ ಹೊಟ್ಟೆಯ ಮಟ್ಟಿಗೆ ನಾನು ಆ ಪುಟವನ್ನು ನಂಬಿದೆನಲ್ಲ, ಅದಕ್ಕೇನು ಹೇಳಲಿ?

ಶೀಶೆ ಎಸೆದ ಭಾನುವಾರವೇ ಟ್ರಂಕಿನ ತಳದಿಂದ ನನ್ನ ಹತ್ತಿರವೇ ಉಳಿದಿದ್ದ ಇಂಗ್ಲಿಷಿನ ಹಳೆಯ ಹನ್ನೊಂದು ಪುಟ ತೆಗೆದೆ. ಕೊನೆಯದನ್ನು ಕನ್ನಡಕ್ಕೆ ಬರೆದೆ. ಮುಂದಿನ ಶನಿವಾರ ಮಧ್ಯಾಹ್ನ ನರಸೀಪುರದ ಬಸ್ಸು ಹತ್ತಿದೆ.

ಚಿಕ್ಕತಾಯಿ ದಪ್ಪಗಾಗಿದ್ದಳು, ಕತ್ತಿನಲ್ಲಿ ಅಳತೆಯ ಟೇಪು. ಅಕ್ಕಾ ಎಂದು ಕೈಹಿಡಿದು ಕೂರಿಸಿ, ಕಾಫಿಗೆ ಎದ್ದಳು. ಬೇಡವೆಂದೆ. ಕಾಫಿ ಕುಡಿದರೆ ಓದಲು ಆಗುವುದಿಲ್ಲವೆಂದು ಗೊತ್ತಿತ್ತು. ಓದಿದೆ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮೆಷಿನ್ನಿನ ಮೇಲಿಟ್ಟಳು.

"ಬ್ರೂಣ ಅಂದ್ರೆ ಏನಕ್ಕ?"

"ಹೊಟ್ಟೇಲಿರೋ ಮಗು."

"ಅಂಗೇ ಬರೀಬೋದಿತ್ತಲ್ಲ." ಹಾಳೆಯ ಕಡೆಗೆ ಬಗ್ಗಿ ನೋಡಿ, "ಇದು ಆವಾಗ್ಲೇ ಇತ್ತಾ?" ಎಂದಳು.

"ಇತ್ತು."

"ನಿಮ್ಗೆ ಗೊತ್ತಿತ್ತಾ?"

"ಗೊತ್ತಿತ್ತು."

"ತಲೆನೋವು ಅಂದಿದ್ರಿ."

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡು ಹೋಗಿದ್ದೆ. ಬೈದಿದ್ದರೆ ಹಗುರಾಗಿ ಬರುತ್ತಿದ್ದೆನೋ ಏನೋ. ಅವಳು ಟೇಪನ್ನು ಕತ್ತಿನಿಂದ ತೆಗೆದು ಬೆರಳಿಗೆ ಸುತ್ತುತ್ತ, ನನ್ನನ್ನು ನೋಡದೆ ಹೇಳಿದಳು: "ನಮ್ಮತ್ತೆ ವ್ಯಾನ್ ಮೇಲೆ ಹಾಕುದ್ರು. ನಾನು ನನ್ ಮೇಲೇ ಹಾಕೊಂಡಿದ್ದೆ, ನನ್ ಮೈಯೇ ಸರಿಯಿಲ್ಲ ಅಂತ. ಆ ಮುಂದ್ಗಡೆ ಸೀಟ್ಗೆ ನಿಮ್ಗೆ ಕೈ ಮುಗ್ದಿದ್ದೆ ಕಣಕ್ಕ ನಾನು."

ಹೊರಡುವಾಗ ಆ ಹಾಳೆ ಅಲ್ಲೇ ಇರಲಿ ಎಂದು ಇಸಿದುಕೊಂಡಳು. ಮತ್ತೆ ಬನ್ನಿ ಎನ್ನಲಿಲ್ಲ.

ಮನೆಗೆ ಬಂದು ಇನ್ನೊಂದು ಪ್ರತಿ ಬರೆದೆ, ಈ ಸಲ ಅವಳು ಹೇಳಿದ ಹಾಗೆ. ಮಗಳನ್ನು ಕರೆದು, ಶೀಶೆ ಯಾಕೆ ಎಸೆದೆನೆಂದು ಕೇಳಿದೆಯಲ್ಲ, ಇದನ್ನು ಓದು ಎಂದೆ. ಅವಳು ಗೋಡೆಗೊರಗಿ ಗಟ್ಟಿಯಾಗಿ ಓದಿದಳು. ಹಾಳೆ ಹಿಡಿದ ಬೆರಳುಗಳಲ್ಲಿ ಕೆಂಪು ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. "ಈ ಅಂಟಿನ ಆವಿ ಉಸಿರಿನಿಂದಲೂ ಚರ್ಮದಿಂದಲೂ ಮೈಗೆ ಸೇರುತ್ತದೆ. ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕಾಗಬಹುದು. ಬಸುರಿಯರನ್ನು, ಬಸುರಾಗಬೇಕೆಂದಿರುವವರನ್ನು ಈ ಕೆಲಸಕ್ಕೆ ಹಾಕಬಾರದು."

ಎಲ್ಲೂ ತಡವರಿಸಲಿಲ್ಲ. ಒಂದು ಪದದ ಅರ್ಥವನ್ನೂ ಕೇಳಲಿಲ್ಲ. ಓದಿ ಮುಗಿಸಲು ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ.