ಬಾಯಿ ಮುಚ್ಚಿ ಓದುವ ವರ್ಷ

ನಮ್ಮಕ್ಕ ಇಸ್ತ್ರಿ ಅಂಗಡಿಯವಳು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇರುವಷ್ಟು ಹೊತ್ತೂ ಅವಳ ಕಣ್ಣು ಬಟ್ಟೆಯ ಮೇಲೇ ಇರಬೇಕು. ಅತ್ತಿತ್ತ ನೋಡಿದರೆ ಯಾರದೋ ಅಂಗಿಯ ಕಾಲರು ಕಂದುಬಣ್ಣಕ್ಕೆ ತಿರುಗುತ್ತದೆ. ಆದರೆ ಕಿವಿ ಖಾಲಿ. ಆ ಖಾಲಿ ಕಿವಿಯಿಂದಲೇ ಇಷ್ಟು ವರ್ಷ ಮಗಳಿಗೆ ಪಾಠ ಮಾಡಿದಳು ಅಂದರೆ ಕೇಳಿದವರು ನಗುತ್ತಾರೆ. ನಗಲಿ, ಹಲ್ಲು ಅವರದು. ಪಕ್ಕದಲ್ಲಿ ನಿಂತು ಬಟ್ಟೆ ಮಡಚಿದವಳು ನಾನು, ನನಗೆ ಗೊತ್ತು.

ಹುಡುಗಿ ಮೊದಲು ಶಾಲೆಗೇ ಹೋಗುತ್ತಿದ್ದಳು. ಮಾತಿನಲ್ಲಿ ತೊದಲು. ಒಂದು ಪದ ಹೊರಡಬೇಕಾದರೆ ಕತ್ತಿನ ನರ ಉಬ್ಬುತ್ತಿತ್ತು. ತರಗತಿಯಲ್ಲಿ ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಕೊನೆಗೆ ಮಾತನ್ನೇ ಬಿಟ್ಟಳು, ಮನೆಯಲ್ಲೂ. ನೀರು ಬೇಕಾದರೆ ಲೋಟ ತೋರಿಸುವಳು. ಮಾತು ಬೆಳ್ಳಿ, ಮೌನ ಬಂಗಾರ ಎಂದವನ ಮನೆಯಲ್ಲಿ ಬಾಯಿಬಿಡದ ಮಗು ಇರಲಿಲ್ಲವೆಂದು ಕಾಣುತ್ತದೆ. ನಮ್ಮ ಮನೆಯಲ್ಲಿತ್ತು. ಆ ಬಂಗಾರವನ್ನು ನೋಡಲಾರದೆ ಅಕ್ಕ ಬಚ್ಚಲಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದಳು.

ಒಂದು ದಿನ ಕಣ್ಣೊರೆಸಿಕೊಂಡು ಹೊರಗೆ ಬಂದವಳೇ, "ನಾಳೆಯಿಂದ ಶಾಲೆ ಬೇಡ. ಇಲ್ಲೇ ಓದ್ಲಿ" ಅಂದಳು. ಭಾವ ಲಾರಿ ಓಡಿಸುವವರು, ಊರಿನಲ್ಲಿರುವುದೇ ಅಪರೂಪ. ಫೋನಿನಲ್ಲೇ "ನಿಂಗೆ ತೋಚಿದ ಹಾಗೆ ಮಾಡು" ಅಂದರು. ಸುಮ್ಮನಿರಲಾರದವಳು ನಾನೊಬ್ಬಳೇ. "ನೀನು ಪಾಠ ಮಾಡ್ತೀಯಾ? ಪುಸ್ತಕ ನೋಡೋಕೆ ನಿಂಗೆಲ್ಲಿದೆ ಪುರಸೊತ್ತು?" ಅಂದೆ. "ನೋಡಲ್ಲ. ಅವಳು ಹೇಳ್ತಾಳೆ, ನಾನು ಕೇಳ್ತೀನಿ" ಅಂದಳು ಅಕ್ಕ.

ಹಾಗೇ ಆಯಿತು, ಮೊದಮೊದಲು ಒಂದೊಂದೇ ಪದ. ಹುಡುಗಿ ಮೇಜಿನ ತುದಿಯಲ್ಲಿ ಪುಸ್ತಕ ಹಿಡಿದು ಕೂರುವುದು, ಓದಿದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದು. ಲೆಕ್ಕ ಮಾಡಿದರೂ ಒಂದೊಂದು ಮೆಟ್ಟಿಲನ್ನೂ ಹೇಳಬೇಕು, ಯಾಕೆಂದರೆ ಅಕ್ಕನಿಗೆ ಹಾಳೆ ಕಾಣುವುದಿಲ್ಲ. ತೊದಲಿದರೆ ಅಕ್ಕ ಕಾಯುತ್ತಿದ್ದಳು, ಅಂಗಿಯ ಮೇಲೆ ಹಬೆ ಏಳುತ್ತಿತ್ತು, ಯಾರೂ ನಗುತ್ತಿರಲಿಲ್ಲ. ಅಕ್ಕನಿಗೆ ತಿಳಿಯದಿದ್ದರೆ ಒಂದೇ ಪ್ರಶ್ನೆ: "ಯಾಕೆ?" ಹುಡುಗಿ ಮತ್ತೆ ಓದಿ ಮತ್ತೆ ಹೇಳುವಳು. ವರ್ಷ ಕಳೆಯುವಷ್ಟರಲ್ಲಿ ತೊದಲು ಎಲ್ಲಿ ಕರಗಿತೋ, ನಮ್ಮ ತಲೆ ಚಿಟ್ಟು ಹಿಡಿಯುವಷ್ಟು ಮಾತು ಬಂತು. ನಾನು ಗಿಣಿ ಅಂತ ಹೆಸರಿಟ್ಟೆ. ಇಡೀ ಬೀದಿಗೆ ಅದೇ ಹೆಸರಾಯಿತು.

ಬಟ್ಟೆಯ ಕಲೆಗಳ ಸಹವಾಸದಿಂದಲೋ ಏನೋ, ಗಿಣಿಗೆ ರಸಾಯನಶಾಸ್ತ್ರದ ಹುಚ್ಚು ಹಿಡಿಯಿತು. ಶಾಯಿಯ ಕಲೆ ಯಾವುದಕ್ಕೆ ಬಿಡುತ್ತದೆ, ರಕ್ತದ ಕಲೆಗೆ ಬಿಸಿನೀರು ಯಾಕೆ ಬೇಡ, ಎಲ್ಲಕ್ಕೂ ಕಾರಣ ಹೇಳುವಳು. ಕಾಲೇಜಿನಲ್ಲಿ ಅದನ್ನೇ ಓದಬೇಕು ಅಂತ ಹಟ. ಅದಕ್ಕೆ ಮನೆಯಿಂದಲೇ ಕಟ್ಟಿ ಬೋರ್ಡ್ ಪರೀಕ್ಷೆ ಪಾಸಾಗಬೇಕು. ಹೀಗಾಗಿ ಮನೆಯೋದಿನ ಕೊನೆಯ ವರ್ಷ ಎದುರಿಗೆ ಬಂದು ನಿಂತಿತು.

ಅಕ್ಕ ಹಳೆ ಕ್ಯಾಲೆಂಡರಿನ ಬೆನ್ನಿನ ಮೇಲೆ ವರ್ಷದ ಯೋಜನೆ ಹಾಕಿದಳು. ಹೋಟೆಲಿನ ಹಾಸಿಗೆ ಬಟ್ಟೆ ಬರುವ ದಿನ ಇತಿಹಾಸ, ಯಾಕೆಂದರೆ ಎರಡೂ ಉದ್ದ. ಮಕ್ಕಳ ಯೂನಿಫಾರ್ಮಿನ ದಿನ ಗಣಿತ, ಎರಡರಲ್ಲೂ ಮಡಿಕೆ ತಪ್ಪಬಾರದು. ಬೆಳಿಗ್ಗೆ ಕಷ್ಟದ್ದು, ಸಂಜೆ ಹಗುರದ್ದು. ನಾನು ನಕ್ಕರೂ, ಯೋಜನೆ ಚೆನ್ನಾಗಿತ್ತು. ಅದರಲ್ಲಿ ಒಂದೇ ಒಂದು ಐಬು. ಅದು ನಮ್ಮಂಥವರ ಮನೆಯಲ್ಲಿ ಮಾತ್ರ ಆಗುವ ತಪ್ಪು, ನಮಗ್ಯಾರಿಗೂ ಹೊಳೆದಿರಲಿಲ್ಲ.

ನಮ್ಮಲ್ಲಿ ಬಟ್ಟೆ ಕೊಡುವ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಭಾನುವಾರಗಳಲ್ಲಿ ಲೈಬ್ರರಿಯ ಓದುವ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿ ಪರೀಕ್ಷೆಯ ಅಭ್ಯಾಸ ಮಾಡಿಸುತ್ತಾರೆ. "ಗಿಣೀನೂ ಕಳ್ಸಮ್ಮ, ಹಾಲ್‌ನಲ್ಲಿ ಕೂತು ಅಭ್ಯಾಸ ಆಗ್ಲಿ" ಅಂದರು. ಗಿಣಿ ಹೊಸ ಪೆನ್ನು ಹಿಡಿದು ಕುಣಿಯುತ್ತ ಹೋದಳು.

ವಾಪಸು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಹಿಂದೆಯೇ ಮೇಷ್ಟ್ರೂ ಬಂದರು. ನಡೆದದ್ದು ಇಷ್ಟು: ಗಿಣಿ ಪ್ರಶ್ನೆಪತ್ರಿಕೆ ತೆಗೆದುಕೊಂಡವಳೇ ಎಂದಿನಂತೆ ಹೇಳಿಕೊಂಡು ಬರೆಯತೊಡಗಿದ್ದಾಳೆ. ಪಕ್ಕದ ಮಕ್ಕಳು ತಿರುಗಿ ನೋಡಿದರು, ಗೊಣಗಿದರು. ಮೇಷ್ಟ್ರು ಮೆತ್ತಗೆ ಮೇಜು ತಟ್ಟಿ, ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಗಿಣಿ ಬಾಯಿ ಮುಚ್ಚಿದಳು. ಬಾಯಿಯ ಜೊತೆಗೆ ಪೆನ್ನೂ ನಿಂತಿತು. ಎಲ್ಲ ಬರುತ್ತಿತ್ತು, ಆದರೆ ಹೇಳದೆ ಒಂದು ಸಾಲೂ ಬರಲಿಲ್ಲ. ಕೊನೆಗೆ ಬಿಳೀ ಹಾಳೆಯನ್ನೇ ಕೊಟ್ಟು ಎದ್ದಳು.

ಅಕ್ಕ ಪೆಟ್ಟಿಗೆ ಬದಿಗಿಟ್ಟು ಮೇಷ್ಟ್ರ ಮೇಲೆ ಹರಿಹಾಯ್ದಳು. "ಆ ಬಾಯಿ ಬಿಡಿಸೋಕೆ ನಾನು ಎಷ್ಟು ಪಾಡುಪಟ್ಟಿದೀನಿ ನಿಮಗೇನು ಗೊತ್ತು? ಬೆರಳು ತೋರ್ಸಿ ಮುಚ್ಚಿಸಿಬಿಟ್ರಲ್ಲಾ!"

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. "ಬಯ್ಯಮ್ಮ, ಪರವಾಗಿಲ್ಲ. ಆದ್ರೆ ಬೋರ್ಡ್ ಪರೀಕ್ಷೇಲಿ ತಟ್ಟೋನು ನಾನಾಗಿರಲ್ಲ. ಅಲ್ಲಿ ಎದ್ದು ಹೋಗು ಅಂತಾರೆ" ಅಂದರು.

ಅವರು ಹೋದ ಮೇಲೆ ಅಕ್ಕ ಹೊಸ ದಾರಿ ಹುಡುಕಿದಳು. ಬೇರೆ ಕೋಣೆ ಕೊಡಿ ಅಂತ ಬೋರ್ಡಿಗೆ ಅರ್ಜಿ ಹಾಕೋಣ ಅಂದಳು. ಗಿಣಿ ಮೂಲೆಯ ಬಟ್ಟೆಗಂಟಿನ ಮೇಲೆ ಕೂತಿದ್ದವಳು ತಲೆ ಎತ್ತಿದಳು. "ಬೇಡಮ್ಮ. ಕಾಲೇಜಲ್ಲೂ ಬೇರೆ ಕೋಣೆ ಕೇಳ್ಲಾ? ಈ ವರ್ಷದ ಯೋಜನೆ ನಾನೇ ಮಾಡ್ತೀನಿ. ಬೆಳಿಗ್ಗೆ ಮೇಲಿನ ಕೋಣೇಲಿ ಒಬ್ಳೇ ಓದ್ತೀನಿ, ಬಾಯಿ ಮುಚ್ಕೊಂಡು. ಸಂಜೆ ಇಳಿದು ಬಂದು ಎಲ್ಲಾ ಹೇಳ್ತೀನಿ."

"ಬೆಳಿಗ್ಗೆಯಿಂದ ಸಂಜೇವರೆಗೂ? ಒಂದು ಮಾತೂ ಇಲ್ದೆ?" ಅಕ್ಕನ ದನಿಯೇ ಉಡುಗಿತು. ಅವಳ ಭಯ ನನಗೆ ತಿಳಿಯಿತು. ಪರೀಕ್ಷೆ ಹೋದರೆ ಮುಂದಿನ ವರ್ಷ ಬರುತ್ತದೆ, ಲೋಟ ತೋರಿಸುವ ಆ ಮಗು ಮಾತ್ರ ಮತ್ತೆ ಬರಬಾರದು. ನನಗೂ ಅದೇ ಭಯವಿತ್ತು. ಆದರೂ "ಬಿಡೇ ಅಕ್ಕ, ಅವಳ ಓದು ಅವಳದು" ಅಂದುಬಿಟ್ಟೆ.

ಅಕ್ಕ ಕ್ಯಾಲೆಂಡರು ಕಿತ್ತು ಮಡಚಿಟ್ಟಳು. ಮಡಚುವಾಗಲೂ ಅಂಚಿಗೆ ಅಂಚು ಕೂಡಿಸಿದಳು, ಅಭ್ಯಾಸಬಲ.

ಮೊದಲ ವಾರಗಳಲ್ಲಿ ಮೇಲಿನ ಕೋಣೆಯಲ್ಲಿ ನಡೆದದ್ದು ಓದಲ್ಲ, ಕುಸ್ತಿ. ತುಟಿ ತಾನಾಗಿ ತೆರೆಯುತ್ತದೆಂದು ಗಿಣಿ ಬಟ್ಟೆ ಒಣಹಾಕುವ ಕ್ಲಿಪ್ಪನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕೂತಳು. ನಾನು ಚಹಾ ಕೊಡಲು ಹೋದಾಗ ಅದೇ ಬಾಯಲ್ಲಿ ನಕ್ಕು ಪುಸ್ತಕದ ಮೇಲೆ ಜೊಲ್ಲು ಸುರಿಸಿದಳು. ಆಮೇಲೆ ಹೇಳಬೇಕೆನಿಸಿದ್ದನ್ನೆಲ್ಲ ಹಾಳೆಯ ಅಂಚಿನಲ್ಲಿ ಗೀಚಿದಳು. ಉತ್ತರಕ್ಕಿಂತ ಅಂಚೇ ದೊಡ್ಡದಾಯಿತು. ಒಂದು ದಿನ ಪೆನ್ನು ಎಸೆದು, "ಚಿಕ್ಕಿ, ನನ್ನ ತಲೆ ಒಳಗೆ ಯಾರೂ ಇಲ್ಲ. ಅಮ್ಮ ಕೇಳ್ದೆ ಇದ್ರೆ ನಂಗೇನೂ ಗೊತ್ತೇ ಇಲ್ಲ" ಅಂತ ಬಿಕ್ಕಿದಳು.

"ಅಮ್ಮ ಕೇಳೋದು ಏನು? ಯಾಕೆ ಅಂತ ತಾನೇ?" ಅಂದೆ. "ನೀನೇ ಕೇಳ್ಕೋ. ಅದಕ್ಕೇನು ಅಮ್ಮನೇ ಬೇಕಾ?" ನನಗೆ ಅಷ್ಟೇ ತೋಚಿದ್ದು. ಅವಳು ಮೂಗೊರೆಸಿಕೊಂಡು ಪೆನ್ನು ಹುಡುಕಲು ಮಂಚದ ಕೆಳಗೆ ತೂರಿದಳು.

ಕೆಳಗೆ ಅಕ್ಕನ ಪಾಡು ಇನ್ನೂ ಚೆನ್ನ! ಜೀವ ಹಿಡಿಯಷ್ಟು ಮಾಡಿಕೊಂಡು ಮಹಡಿಯತ್ತಲೇ ಕಿವಿ. ಕುರ್ಚಿ ಕಿರ್ ಅಂದರೆ "ಏನೇ?" ಅಂತ ಕೂಗುವಳು. ಸದ್ದಿಲ್ಲದಿದ್ದರೆ ಮೆಟ್ಟಿಲ ತನಕ ಹೋಗಿ ನಿಲ್ಲುವಳು. ಒಂದು ದಿನ ಹಾಗೇ ನಿಂತಾಗ ಮೇಷ್ಟ್ರ ಬಿಳೀ ಅಂಗಿಯ ಬೆನ್ನಿನ ಮೇಲೆ ಪೆಟ್ಟಿಗೆ ಕೂತಲ್ಲೇ ಕೂತು ಹೊಗೆ ಎದ್ದಿತು. ಇಷ್ಟು ವರ್ಷದಲ್ಲಿ ಅವಳು ಸುಟ್ಟ ಮೊದಲ ಅಂಗಿ. "ಅರ್ಜಿ ಹಾಕೋಕೆ ಬಿಟ್ಟಿದ್ರೆ ನನ್ನ ಅಂಗಿ ಉಳೀತಿತ್ತೇನೋ" ಅಂದರು, ಅರ್ಜಿಯ ಕಥೆಯನ್ನು ನನ್ನಿಂದ ಕೇಳಿದ್ದ ಮೇಷ್ಟ್ರು. ಅಕ್ಕನಿಗೂ ನಗು ತಡೆಯಲಾಗಲಿಲ್ಲ. ಅವತ್ತಿನಿಂದ ಮೆಟ್ಟಿಲ ಬಳಿ ಹೋಗುವುದನ್ನು ಬಿಟ್ಟಳು, "ಏನೇ?" ಅನ್ನುವುದನ್ನೂ ಕಡಿಮೆ ಮಾಡಿದಳು. ಮನಸ್ಸು ಕಲ್ಲು ಮಾಡಿಕೊಂಡೇ.

ಸಂಜೆ ಗಿಣಿ ಇಳಿದು ಬಂದರೆ ಅಣೆಕಟ್ಟು ಒಡೆದ ಹಾಗೆ. ಬೆಳಗಿನಿಂದ ಕಟ್ಟಿಟ್ಟದ್ದನ್ನೆಲ್ಲ ಹೇಳುವಳು, ಅಕ್ಕ ಕೇಳುವಳು. ದಿನ ಕಳೆದಂತೆ ಹೇಳುವುದು ಚಿಕ್ಕದಾಯಿತು. ಮೇಲಿನ ಕೋಣೆಯಲ್ಲಿ ತುಟಿ ಅಲುಗುವುದು ನಿಂತು ಕಾಲಿನ ಹೆಬ್ಬೆರಳು ಮಾತ್ರ ಕುಣಿಯುತ್ತಿತ್ತು. ನಾನು ಬಾಗಿಲ ಸಂದಿಯಿಂದ ನೋಡಿ ಬಂದು ಹೇಳಿದೆ. "ಹೆಬ್ಬೆರಳಿಗೆ ಯಾರೂ ಎದ್ದು ಹೋಗು ಅನ್ನಲ್ಲ, ಅಲ್ವಾ?" ಅಂತ ಅಕ್ಕ ಮೂರು ಸಲ ಕೇಳಿದಳು.

ಹೋದ ಭಾನುವಾರ ಮತ್ತೆ ಅಭ್ಯಾಸದ ಪರೀಕ್ಷೆ. ಅಂಗಡಿ ಮುಚ್ಚಿ ನಾವಿಬ್ಬರೂ ಹೋಗಿ ಲೈಬ್ರರಿಯ ಗೇಟಿನ ಹತ್ತಿರ ನಿಂತೆವು. ಗಂಟೆ ಹೊಡೆಯಿತು. ಮಕ್ಕಳೆಲ್ಲ ಗಲಗಲ ಮಾತಾಡುತ್ತ ಹೊರಬಂದರು. ಗಿಣಿ ಎಲ್ಲರಿಗಿಂತ ಕೊನೆಗೆ ಬಂದಳು. ಹಿಂದೆ ಮೇಷ್ಟ್ರು ಬಾಗಿಲಲ್ಲಿ ನಿಂತು, ತುಂಬಿದ ಉತ್ತರದ ಹಾಳೆಗಳನ್ನು ನಮಗೆ ಕಾಣುವಂತೆ ಎತ್ತಿ ಹಿಡಿದರು. ಆದರೆ ಅಕ್ಕನ ಕಣ್ಣು ಅತ್ತ ಹೋಗಲೇ ಇಲ್ಲ, ಮಗಳ ಮುಖದ ಮೇಲೇ ಇತ್ತು.

"ಹೇಗಾಯ್ತೇ?"

ಗಿಣಿ ನಮ್ಮನ್ನು ದಾಟಿ ರಸ್ತೆಗಿಳಿದಳು.

"ಏನಾದ್ರೂ ಹೇಳೇ ಮಗಳೇ..." ಅಕ್ಕನ ಉಗುರು ನನ್ನ ಮಣಿಕಟ್ಟಿನಲ್ಲಿ ಇಳಿಯಿತು.

ಗಿಣಿ ತಿರುಗಿದಳು. "ಸ್ವಲ್ಪ ತಾಳಮ್ಮ. ಎಲ್ಲಾ ಬರೆದಿದೀನಿ. ಕೊನೇ ಲೆಕ್ಕ ಇನ್ನೊಂದು ದಾರೀಲೂ ಬರುತ್ತೆ ಅನ್ಸುತ್ತೆ, ತಲೇಲಿ ಓಡ್ತಿದೆ. ಮುಗಿದ ಮೇಲೆ ಹೇಳ್ತೀನಿ." ಅಷ್ಟು ಹೇಳಿ ಮತ್ತೆ ಮುಂದೆ ನಡೆದಳು.

ನಾವು ಹಿಂದೆ ಹಿಂದೆ ನಡೆದೆವು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೋ ಸಂತೋಷ ತಡೆಯಲಾಗಲಿಲ್ಲ. "ನೋಡಿದ್ಯಾ ಅಕ್ಕ, ನಾನು ಅವತ್ತೇ ಹೇಳಿರ್ಲಿಲ್ವಾ..." ಅಂತ ಶುರು ಮಾಡಿದೆ.

ಅಕ್ಕ ನನ್ನ ಕಡೆ ಕಣ್ಣು ಕೆಕ್ಕರಿಸಿದಳು.

"ಶ್! ಸುಮ್ನಿರೇ. ಅವಳು ಯೋಚನೆ ಮಾಡ್ತಿದಾಳೆ."