ಮಲ್ಲಕ್ಕನ ಹತ್ತು ಗುಂಟೆ

ಜವನಗೊಂಡನಹಳ್ಳಿ ಹೋಬಳಿಯ ಆ ಊರಲ್ಲಿ ಮಲ್ಲಕ್ಕನ ಬಾಯಿಗೆ ಹೆದರದವರಿಲ್ಲ. ಹೆದರಲಿ ಬಿಡಿ. ಗಂಡ ತೀರಿಕೊಂಡ ಮೇಲೆ ಅರವತ್ತು ಕುರಿ, ಎರಡೆಕರೆ ಹೊಲ ಎಲ್ಲವನ್ನೂ ಒಬ್ಬಳೇ ನಿಭಾಯಿಸಿದವಳು. ಬಾಯಿ ಜೋರಿಲ್ಲದಿದ್ದರೆ ಅವೆಲ್ಲ ಎಂದೋ ಕಂಡವರ ಪಾಲಾಗುತ್ತಿದ್ದವು. ಆದರೆ ನೀರಿನ ಟ್ಯಾಂಕ್ ಕಟ್ಟಲು ಪಂಚಾಯ್ತಿಯವರು ಹತ್ತು ಗುಂಟೆ ಕೇಳಿದಾಗ ಒಂದೇ ಮಾತಿಗೆ ಒಪ್ಪಿದಳು. ಊರಿಗೆ ನೀರು ಬೇಡವೆನ್ನಲು ಆಕೆಗೇನು ತಲೆ ಕೆಟ್ಟಿತ್ತೆ?

ತಲೆ ಕೆಟ್ಟದ್ದು ಮಹಜರು ಬರೆದ ದಿನ. ಗ್ರಾಮಲೆಕ್ಕಿಗ ಜಯಕುಮಾರ್ ಬದುವಿನ ಮೇಲೆ ನಿಂತು, "ಬೆಳೆಯಿಲ್ಲದ ಬೀಳು ಜಮೀನು" ಎಂದು ಓದಿದ. ಬೀಳು ಎಂದರೆ ಪರಿಹಾರವೂ ಅರ್ಧ.

ಮಲ್ಲಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಪೇಟೆಯಲ್ಲಿ ಬೆಳೆದ ಹುಡುಗ, ಪಾಪ, ಅವನಿಗೇನು ಗೊತ್ತು. ಮೂರು ವರ್ಷಕ್ಕೊಮ್ಮೆ ಆಕೆ ಬಿತ್ತನೆ ಬಿಟ್ಟು ಆ ಹೊಲದಲ್ಲಿ ಕುರಿಮಂದೆ ನಿಲ್ಲಿಸುತ್ತಾಳೆ. ಹಿಕ್ಕೆ ಬಿದ್ದು ನೆಲ ಹದವಾದರೆ ಮುಂದಿನ ಎರಡು ವರ್ಷ ರಾಗಿ ಸೊಂಟದುದ್ದ ಬರುತ್ತದೆ. ಈ ವರ್ಷ ಮಂದೆಯ ಸರದಿ.

"ಸರ್, ಇದು ನೆಲಕ್ಕೆ ಉಣ್ಣಿಸೋ ವರ್ಷ. ಬೀಳು ಅಲ್ಲ."

"ಅಮ್ಮ, ಬೆಳೆ ಕಾಣ್ತಿಲ್ಲ. ಕಣ್ಣಿಗೆ ಕಂಡಿದ್ದನ್ನೇ ನಾನು ಬರಿಬೇಕು."

ಪಕ್ಕದ ಹೊಲದ ಏಕಾಂತಪ್ಪ ಸಾಕ್ಷಿಗೆಂದು ಬಂದು ಆಗಲೇ ಸಹಿ ಹಾಕಿ ಮುಗಿಸಿದ್ದ. ಮಲ್ಲಕ್ಕ ಅವನ ಕಡೆ ತಿರುಗಿದಳು.

"ಏನಪ್ಪ, ಹೋದ ವರ್ಷ ನನ್ನ ಮಂದೆ ನಿನ್ನ ಹೊಲದಾಗೆ ಎಂಟು ದಿನ ಕುಂತಿತ್ತಲ್ಲ, ಏನು ಕೊಟ್ಟೆ?"

"ಎರಡು ಚೀಲ ರಾಗಿ."

"ಹೊಲ ಬೀಳು ಬೀಳ್ಲಿ ಅಂತ ಕೊಟ್ಯೇನು?"

ಏಕಾಂತಪ್ಪ ತಲೆ ತಗ್ಗಿಸಿದ. ಓದದೆ ಸಹಿ ಹಾಕಿದ್ದಕ್ಕೆ ನಾಚಿಕೆಯಾಗಿತ್ತು. "ಇಲ್ಲ ಸರ್. ಮಂದೆ ಕುಂತ ಹೊಲ ಅಂದ್ರೆ ಚಿನ್ನ. ಹೋದ ವರ್ಷ, ಅದರ ಹಿಂದ್ಲ ವರ್ಷ ಇಲ್ಲಿ ರಾಗಿನೇ ಇತ್ತು. ಪಹಣಿ ತೆಗ್ದು ನೋಡ್ರಿ."

ಜಯಕುಮಾರ್ ಮೊಬೈಲಿನಲ್ಲಿ ಹಳೆಯ ಪಹಣಿ ತೆಗೆದ. ಎರಡೂ ವರ್ಷ ರಾಗಿ. ಒಳ್ಳೆಯ ಹುಡುಗ, ಹಟ ಹಿಡಿಯಲಿಲ್ಲ. ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದ.

"ಈಗ ಪರಿಹಾರ ಪೂರ್ತಿ ಬರುತ್ತೆ, ಅಮ್ಮ."

"ಅದು ಆಮ್ಯಾಲೆ. ಬರ್ದಿದ್ದನ್ನ ಎಲ್ರಿಗೂ ಕೇಳೋ ಹಂಗೆ ಓದ್ರಿ."

"ಸಾಗುವಳಿ ಜಮೀನು. ಸಾಗುವಳಿ ಮಾಡುವವರು, ಮಲ್ಲಕ್ಕ."

ಮೂವತ್ತು ವರ್ಷ ದುಡಿದ ಹೊಲದ ಜೊತೆ ತನ್ನ ಹೆಸರನ್ನು ಸರ್ಕಾರದವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮಲ್ಲಕ್ಕನ ಕಣ್ಣು ತುಂಬಿ ಬಂತು.

"ಇನ್ನೊಂದ್ಸಲ ಓದ್ರಿ," ಎಂದಳು.