ಅರಿಸಿನ ಹಚ್ಚಿದ ಕಾಯೋಟಿ ಚರ್ಮ

ನನಗೆ ಬೇಟೆಯ ಮೇಲೆ ಸಿಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕತೆ ಕೇಳಿದವರೆಲ್ಲ ನನ್ನನ್ನು ಪ್ರಾಣಿದಯೆಯ ಹುಡುಗಿ ಎಂದುಕೊಂಡು ಸಮಾಧಾನ ಮಾಡಲು ಬರುತ್ತಾರೆ. ನಾನು ಕೋಳಿ ತಿನ್ನುತ್ತೇನೆ, ಕುರಿ ತಿನ್ನುತ್ತೇನೆ. ಕುರಿ ಸಾಕುವವನ ಹಟ್ಟಿಗೆ ಕಾಯೋಟಿ ಎಂಬ ಇಲ್ಲಿಯ ದೊಡ್ಡ ನರಿ ನುಗ್ಗಿದರೆ ಅವನು ಗುಂಡು ಹೊಡೆಯುವುದರಲ್ಲಿ ನನಗೆ ತಕರಾರಿಲ್ಲ. ನನ್ನ ಸಿಟ್ಟು ಬ್ರ್ಯಾಂಪ್ಟನ್ನಿನ ಒಂದು ಮನೆಯ ಹಿಂಬದಿಯ ಮರದ ಡೆಕ್ಕಿನ ಮೇಲೆ ಒಣಗಲು ಹಾಕಿದ್ದ ಒಂದು ಚರ್ಮದ ಮೇಲೆ.

ಮನೆ ನನ್ನ ಸೋದರಮಾವನದು. ನಾನು ಓದಲು ಬಂದು ಅವರ ಬೇಸ್‌ಮೆಂಟಿನಲ್ಲಿದ್ದೆ. ಮಾವ ಪುತ್ತೂರಿನ ಕಡೆಯವರು, ಇಲ್ಲಿ ಟ್ರಕ್ ಓಡಿಸುತ್ತಾರೆ. ಅತ್ತೆ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು, ಇಲ್ಲಿ ಮಾಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡುತ್ತಿದ್ದರು. ಕೆಲಸ ದೊಡ್ಡದೇನಲ್ಲ. ಆದರೆ ಊಟದ ಹೊತ್ತಿಗೆ ಅಲ್ಲಿ ಪಂಜಾಬಿ, ಗುಜರಾತಿ ಹೆಂಗಸರ ಗುಂಪೊಂದಿತ್ತು. ಅತ್ತೆ ತಮ್ಮ ಹರಕುಮುರುಕು ಹಿಂದಿಯಲ್ಲಿ ಅವರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿ ಬರುತ್ತಿದ್ದರು. ಈ ದೇಶದಲ್ಲಿ ಅವರು ಯಾರದೋ ಹೆಂಡತಿ, ಯಾರದೋ ಅತ್ತೆ ಆಗದೆ ಇದ್ದದ್ದು ಆ ಶಿಫ್ಟಿನಲ್ಲಿ ಮಾತ್ರ.

ಬೆಳಗಿನ ಬಸ್ಸಿಗೆ ಅವರು ಮನೆಗಳ ಹಿಂದೆ ಹರಿಯುವ ತೋಡಿನ ಪಕ್ಕದ ಕಾಲುದಾರಿಯಲ್ಲಿ ಹೋಗುತ್ತಿದ್ದರು. ಅಕ್ಟೋಬರಿನಲ್ಲಿ ಒಂದು ದಿನ ಅಲ್ಲಿ ಕಾಯೋಟಿ ಎದುರಾಯಿತು. ಸಂಜೆ ಊಟದ ಮೇಜಿನಲ್ಲಿ ಅತ್ತೆ ಅದನ್ನು ನಗುತ್ತಲೇ ಹೇಳಿದರು.

“ನಾನು ನಿಂತೆ, ಅದೂ ನಿಂತಿತು. ನಾನು ನಡ್ದೆ, ಅದೂ ಹಿಂದಿಂದ ನಡೀತು. ಮತ್ತೆ ಎಂತ ಮಾಡುದು? ಟಿಫಿನ್ ಬಾಕ್ಸು ತೆಗ್ದು ಮುಚ್ಚಳದಲ್ಲಿ ಬಡ್ದೆ. ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚಿನವರಿಗೆ ಬೈದ ಹಾಗೆ ಬೈದೆ. ಓಡಿತು ಪಾಪ.”

“ಮತ್ತೆ ಊಟ?”

“ಪಲ್ಯ ಪೂರಾ ದಾರಿಗೆ ಬಿತ್ತು ಮಾರಾಯ್ತಿ.”

ನಾನು ನಕ್ಕೆ. ಮಾವ ನಗಲಿಲ್ಲ. “ನಾಳೆಯಿಂದ ಹೋಗುದು ಬೇಡ,” ಎಂದರು. “ಜೀವ ಮುಖ್ಯವಾ, ಪಾರ್ಸೆಲ್ ಮುಖ್ಯವಾ?”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಎರಡೇ ಬಾಗಿಲು ತೋರಿಸಿ ಮೂರನೆಯದಕ್ಕೆ ಬೀಗ ಹಾಕುವ ಈ ವರಸೆಯನ್ನು ಮೊದಲ ಸುತ್ತಿನಲ್ಲೇ ಹರಿದುಹಾಕಲು ಕಲಿತಿದ್ದೆವು. ಮುಖ್ಯರಸ್ತೆಯಿಂದ ಸುತ್ತಿ ಹೋಗಬಹುದಲ್ಲ ಎಂದೆ. ಕತ್ತಲೆ ಎಂದರು. ಟಾರ್ಚು ಎಂದೆ. “ನಿನಗೆ ಎಲ್ಲದಕ್ಕೂ ಒಂದು ಉತ್ತರ ಉಂಟು,” ಎಂದು ಎದ್ದು ಕೈ ತೊಳೆದರು. ಮಾವನಿಗೆ ಕಾರಣ ಬೇಕಿತ್ತು, ಅದು ಸಿಕ್ಕಿತ್ತು. ಕಾಯೋಟಿಗೆ ಮುಂಚೆ ಚಳಿ ಕಾರಣವಾಗಿತ್ತು, ಚಳಿಗೆ ಮುಂಚೆ ಅತ್ತೆಯ ಸೊಂಟನೋವು. ಚಳಿಯ ಜೊತೆ, ಸೊಂಟದ ಜೊತೆ ಅತ್ತೆ ವಾದ ಮಾಡಿ ಗೆದ್ದಿದ್ದರು. ಹಲ್ಲಿರುವ ಕಾರಣದ ಮುಂದೆ ಸುಮ್ಮನಾದರು. ರಜೆ ಕೇಳಿದರು. ಮುಂದಿನ ಸೋಮವಾರದೊಳಗೆ ಬಾರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಸೂಪರ್‌ವೈಸರ್ ಹೇಳಿದಳು.

ಆ ವಾರವೇ ಮಾವ ಬೇಟೆಗೆ ಹೋದರು. ಟ್ರಕ್ ಯಾರ್ಡಿನಲ್ಲಿ ಅವರಿಗೊಬ್ಬ ಬಿಳಿಯ ಗೆಳೆಯ, ಅವನ ಅಣ್ಣನಿಗೆ ಇಲ್ಲಿಂದ ಒಂದು ಗಂಟೆಯ ದಾರಿ, ಆರೆಂಜ್‌ವಿಲ್ ದಾಟಿ ಕುರಿ ಫಾರ್ಮು. ಅಲ್ಲಿ ಒಂದು ಕಾಯೋಟಿಯನ್ನು ಹೊಡೆದರು. ಮಾವನ ಹತ್ತಿರ ಬೇಟೆಯ ಲೈಸೆನ್ಸಿತ್ತು. ಊರಲ್ಲಿ ಅಜ್ಜನ ಕಾಲದಲ್ಲಿ ಗುಂಪು ಕಟ್ಟಿಕೊಂಡು ಕಾಡಿಗೆ ಬೋಂಟೆಗೆ ಹೋಗುತ್ತಿದ್ದ ಮನೆತನ. ಕಾಡುಹಂದಿ ಬಿದ್ದರೆ ಗುಂಡು ಹೊಡೆದವನಿಗೆ ಪಾಲು, ಕಾಡು ಸೋವಿ ಓಡಿಸಿದವರಿಗೆ ಪಾಲು, ಜಾಗದವನಿಗೆ ಪಾಲು, ನಾಯಿಗೂ ಪಾಲು. ಪಾಲಿಲ್ಲದ ಪ್ರಾಣಿಯನ್ನು ಹೊಡೆಯಬಾರದು ಎಂದು ನನಗೆ ಚಿಕ್ಕಂದಿನಲ್ಲಿ ಹೇಳಿದ್ದು ಇದೇ ಮಾವ. ಕಾಯೋಟಿಯನ್ನು ಯಾರೂ ತಿನ್ನುವುದಿಲ್ಲ. ಹಾಗಾಗಿ ಹೊಡೆದದ್ದಕ್ಕೆ ಏನಾದರೊಂದು ಉಳಿಯಲೇಬೇಕು. ಉಳಿಯುವುದು ಚರ್ಮ ಮಾತ್ರ.

ಇಟ್ಟುಕೊಳ್ಳುವಂಥ ಚರ್ಮವೇ ಅದು? ಗೆಳೆಯನೇ ಬೇಡ ಎಂದಿದ್ದನಂತೆ. ಚಳಿಗಾಲದ ಕೂದಲು ಇನ್ನೂ ತುಂಬಿಲ್ಲ, ಬಾಲದ ಬುಡದಲ್ಲಿ ಕಜ್ಜಿ, ಜಾಕೆಟ್ಟಿನ ಟೊಪ್ಪಿಗೆ ಈ ಕೂದಲು ಹಾಕುತ್ತಿದ್ದ ಕಾಲವೂ ಹೋಯಿತು, ಇದಕ್ಕೆ ಉಪ್ಪು ದಂಡ ಎಂದನಂತೆ. ಮಾವ ಕೇಳಲಿಲ್ಲ. ಅವನ ಕೈಯಲ್ಲೇ ಸುಲಿಸಿ, ಮುಖ ಕಿವಿ ಸಮೇತ, ಕಪ್ಪು ಗಾರ್ಬೇಜ್ ಬ್ಯಾಗಿನಲ್ಲಿ ತಂದರು. ಒಳಮೈಯ ಕೊಬ್ಬನ್ನು ಪೂರ್ತಿ ಕೆರೆದು ತೆಗೆಯಬೇಕು ಎಂದು ಗೆಳೆಯ ಹೇಳಿಕೊಟ್ಟಿದ್ದ. ಮಾವ ಅರ್ಧ ಕೆರೆದು, ಒಣಮೀನಿಗೆ ಹಾಕುವಂತೆ ಹರಳುಪ್ಪು ಸುರಿದರು. ಅಷ್ಟಕ್ಕೇ ನಿಂತರೇ? ಹುಳ ಬೀಳಬಾರದೆಂದು ಅಡುಗೆಮನೆಯ ಅರಿಸಿನದ ದೊಡ್ಡ ಪ್ಯಾಕೆಟ್ಟನ್ನು ತಂದು ಇಡೀ ಚರ್ಮಕ್ಕೆ ಮೆತ್ತಿದರು. ಮರುದಿನ ಮಳೆ ಹನಿಯಿತು. ಅರಿಸಿನ ಕೊಬ್ಬಿನೊಂದಿಗೆ ಕರಗಿ ಕೂದಲಿಗೆ ಇಳಿಯಿತು. ಬೂದುಬಣ್ಣದ ಪ್ರಾಣಿ ಹಳದಿಯಾಯಿತು. ಡೆಕ್ಕಿಗೆ ಕಾಲಿಟ್ಟರೆ ವಾಸನೆ ಮೂಗಿಗೆ ಅಡರುತ್ತಿತ್ತು.

“ನಿನ್ನ ನರಿಯ ಕತೆ ಮುಗೀತು,” ಎಂದರು ಮಾವ ಅತ್ತೆಗೆ. ಹೋಗು ಎಂದು ಮಾತ್ರ ಹೇಳಲಿಲ್ಲ.

ಭಾನುವಾರ ಪಕ್ಕದ ಬೀದಿಯ ಬೆಂಗಳೂರಿನವರು ಕಾಫಿಗೆ ಬಂದರು. ಸಾಫ್ಟ್‌ವೇರಿನವರು, ಬಾಯಿ ಸುಮ್ಮನಿರದ ಮನುಷ್ಯ. ಡೆಕ್ಕಿನ ಬಾಗಿಲಲ್ಲೇ ನಿಂತುಬಿಟ್ಟರು.

“ಏನ್ ಸಾರ್ ಇದು, ನರಿಗೆ ಅರಿಸಿನ ಶಾಸ್ತ್ರ ಮಾಡ್ಬಿಟ್ಟಿದೀರಾ! ಮದುವೆ ಯಾವಾಗ?”

“ತಮಾಷೆ ಅಲ್ಲ ಮಾರಾಯ್ರೇ. ಇವಳನ್ನು ಅಟ್ಟಿಸಿಕೊಂಡು ಬಂದದ್ದು. ಒಣಗಿದ ಮೇಲೆ ಹಾಲಿನ ಗೋಡೆಗೆ ಹಾಕ್ತೇನೆ.”

ನನಗೆ ತಡೆಯಲಾಗಲಿಲ್ಲ. “ಮಾವಾ, ನೀವು ಹೊಡೆದದ್ದು ಆರೆಂಜ್‌ವಿಲ್ಲಿನ ಆಚೆ. ಅತ್ತೆಗೆ ಸಿಕ್ಕಿದ್ದು ಇಲ್ಲಿ, ಹಿತ್ತಿಲಲ್ಲಿ. ಅದೆಂತ, ಹೈವೇಯಲ್ಲಿ ಲಿಫ್ಟ್ ತಗೊಂಡು ಹೋಗಿತ್ತಾ?”

ಬೆಂಗಳೂರಿನವರು ಕಾಫಿ ಉಗುಳುವಂತೆ ನಕ್ಕರು. ಆ ನಗು ನನಗೆ ಹುಮ್ಮಸ್ಸು ಕೊಟ್ಟಿತು. ಸಭಿಕರು ನಮ್ಮ ಕಡೆ ವಾಲಿದಾಗ ಕೊನೆಯ ಪುರಾವೆಯನ್ನು ಮೇಜಿನ ಮೇಲಿಡಬೇಕು ಎಂದು ನಮಗೆ ಕಲಿಸಿದ್ದರು. ಇಟ್ಟೆ.

“ತೋಡಿನ ಹತ್ರದ್ದು ಇನ್ನೂ ಅಲ್ಲೇ ಉಂಟು. ನಿನ್ನೆ ನಾನೇ ನೋಡಿದೆ.”

ಮಾವನ ಮುಖ ಅರಳಿತು. “ಉಂಟಲ್ಲ? ಹಾಗಾದ್ರೆ ನಾನು ಹೇಳುದೇ ಸರಿ. ಇವಳು ಹೋಗುದು ಬೇಡ.”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಬೋಂಡದ ತಟ್ಟೆಯನ್ನು ನನ್ನ ಕೈಗೆ ತುರುಕಿ ಚರ್ಮದ ಹತ್ತಿರ ಹೋದರು. ಬಗ್ಗಿ, ಮೂಗು ಮುಚ್ಚದೆ, ಕಿವಿಯನ್ನು ಎರಡು ಬೆರಳಲ್ಲಿ ಎತ್ತಿದರು.

“ಇವಳಿಗೆ ಎಂತ ಗೊತ್ತು? ನೋಡಿದ್ದು ನಾನು. ಈ ಕಿವಿ ಹರಿದದ್ದುಂಟಲ್ಲ, ಇದೇ. ಇವಳು ಯಾರದೋ ನಾಯಿ ನೋಡಿರ್ಬೇಕು.”

“ಅತ್ತೇ…”

“ನೀನು ಬೋಂಡ ತಿನ್ನು.”

ಬೆಂಗಳೂರಿನವರು ಹುಬ್ಬೇರಿಸಿದರು. “ಅಬ್ಬಾ! ಅತ್ತಿಗೆಯವರ ನರೀನೇ ಹುಡುಕ್ಕೊಂಡು ಹೋಗಿ ಹೊಡೆದ್ರಾ ಸಾರ್? ಭಲೇ!”

ಮಾವ ನನ್ನತ್ತ ನೋಡಿದರು, ಚರ್ಮದತ್ತ ನೋಡಿದರು. ಇದು ಅದಲ್ಲ ಎಂದರೆ ಹಾಲಿನ ಗೋಡೆ ಖಾಲಿ. ಇದೇ ಎಂದರೆ ಹೆಂಡತಿಯನ್ನು ಮನೆಯಲ್ಲಿ ಕೂರಿಸಲು ಕಾರಣ ಖಾಲಿ. ಅತಿಥಿಯ ಮುಂದೆ ಅವರು ಗೋಡೆಯನ್ನೇ ಆರಿಸಿಕೊಂಡರು. “ಮತ್ತೆ? ಕೆಲಸ ಆಗುವ ತನಕ ನಾನು ಬಿಡುದಿಲ್ಲ,” ಎಂದರು.

“ಇವರು ಹೊಡೆದಾದ ಮೇಲೆ ಇನ್ನೆಂತ ಹೆದರಿಕೆ?” ಅತ್ತೆ ಕೈ ತೊಳೆಯಲು ಒಳಗೆ ಹೋಗುತ್ತ ಹೇಳಿದರು. “ನಾಳೆ ಶಿಫ್ಟಿಗೆ ಹೋಗ್ತೇನೆ.”

ಅತಿಥಿ ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಹಾರಾಡಿದೆ. ಅದು ಸುಳ್ಳು ಎಂದೆ, ನಿಮಗೂ ಗೊತ್ತು ಎಂದೆ.

“ಗೊತ್ತು. ನೀನು ಗೆದ್ದಿದ್ರೆ ನಾನು ಮನೇಲಿ. ಅಷ್ಟೇ ಅಲ್ವಾ?”

“ಹಾಗಂತ ಆ ಕೊಳೆತ ಚರ್ಮಕ್ಕೆ ಕೈಮುಗೀಬೇಕಾ?”

“ಕೈ ಯಾರು ಮುಗಿದದ್ದು? ಕಿವಿ ಹಿಂಡಿದ್ದು ನಾನು.”

ಅತ್ತೆ ಸೋಮವಾರ ಹೋದರು, ಆಮೇಲೂ ಹೋದರು. ಈ ಕತೆ ಹೇಳಿದಾಗ ಕೆಲವರು ‘ನಿಮ್ಮತ್ತೆ ಎಂಥಾ ಜಾಣೆ’ ಎಂದು ಚಪ್ಪಾಳೆ ತಟ್ಟುತ್ತಾರೆ. ಅವರ ಮೇಲೂ ನನಗೆ ಸಿಟ್ಟು. ಐವತ್ತು ದಾಟಿದ ಹೆಂಗಸು ಬಸ್ ಹತ್ತಲು ಒಂದು ಪ್ರಾಣಿ ಸಾಯಬೇಕೆ? ಅದು ಸತ್ತದ್ದು ತನ್ನ ಸಲುವಾಗಿ ಎಂದು ಅವಳು ಸುಳ್ಳು ಸಾಕ್ಷಿ ಹೇಳಬೇಕೆ? ‘ನಾನು ಹೋಗುತ್ತೇನೆ’ ಎಂಬ ಒಂದು ಮಾತು ಸಾಲದ ಮನೆಯಲ್ಲಿ ಜಾಣತನವನ್ನು ಹೊಗಳುವುದೆಂದರೆ ಆ ಮನೆಯನ್ನು ಕ್ಷಮಿಸಿದ ಹಾಗೆ. ನಾನು ಕ್ಷಮಿಸಿಲ್ಲ.

ವಾಸನೆಗೆ ಹೆದರಿ ಮಾವ ಚರ್ಮವನ್ನು ಹಾಲಿನ ಬದಲು ಗರಾಜಿನ ಗೋಡೆಗೆ ಮೊಳೆ ಹೊಡೆದು ಹಾಕಿದರು. ಕ್ರಿಸ್‌ಮಸ್ಸಿನ ಹೊತ್ತಿಗೆ ಹೊಟ್ಟೆಯ ಕಡೆಯ ಕೂದಲು ಗೊಂಚಲು ಗೊಂಚಲಾಗಿ ಉದುರತೊಡಗಿತು. ಇನ್ನಾದರೂ ಎಸೆಯೋಣ ಎಂದು ನಾನು ಗಾರ್ಬೇಜ್ ಬ್ಯಾಗ್ ಹಿಡಿದುಕೊಂಡು ಹೋದೆ. ಅತ್ತೆ ಆಗಲೇ ಅಲ್ಲಿದ್ದರು, ಶಿಫ್ಟಿನ ಬೂಟಿನಲ್ಲೇ, ಸ್ಟೂಲಿನ ಮೇಲೆ ನಿಂತು ಚರ್ಮದ ಹಿಂದೆ ನ್ಯಾಫ್ತಲಿನ್ ಉಂಡೆಗಳನ್ನು ಸಿಕ್ಕಿಸುತ್ತಿದ್ದರು.

“ಆ ಬ್ಯಾಗ್ ಒಳಗಿಡು. ಇದು ಹೋದ್ರೆ ಇವರಿಗೆ ಮತ್ತೆ ನರಿ ನೆನಪಾಗ್ತದೆ,” ಎಂದರು. “ಮಗಾ, ಕೂದಲು ಉದುರದ ಹಾಗೆ ಮಾಡ್ಲಿಕ್ಕೆ ಎಂತಾದ್ರೂ ಉಂಟಾ, ಇಂಟರ್‌ನೆಟ್ಟಲ್ಲಿ ನೋಡು.”

ನಾನು ಹಲ್ಲು ಕಚ್ಚಿಕೊಂಡು ಹುಡುಕಿದೆ.